ಒಡಂಬಡಿಕೆಯ ಜೀರ್ಣೋದ್ಧಾರ

ಬೆಂಗಳೂರು ಪೇಟೆಯ ಅವೆನ್ಯೂ ರಸ್ತೆಯ ಗದ್ದಲದ ನಡುವೆ ರೈಸ್ ಸ್ಮಾರಕ ಚರ್ಚು ಇದೆ. ಅದು ನೆನಪಿಸುವುದು ಕನ್ನಡ ಬೈಬಲಿನ ಪರಿಷ್ಕರಣದಲ್ಲಿ ದುಡಿದ ಪಾದ್ರಿ ಬೆಂಜಮಿನ್ ರೈಸ್ ಅವರನ್ನು. ಬೆಂಗಳೂರಿನಲ್ಲೇ ಹುಟ್ಟಿದ ಅವರ ಮಗ ಬಿ. ಎಲ್. ರೈಸ್ 1889ರಲ್ಲಿ ಶ್ರವಣಬೆಳಗೊಳದ ಶಾಸನಗಳನ್ನು ಪ್ರಕಟಿಸಿದರು. ತಂದೆ ತಿದ್ದಿದ ಗ್ರಂಥವೂ ಮಗ ಓದಿದ ಕಲ್ಲೂ ಒಂದೇ ಪ್ರಶ್ನೆಯನ್ನು ಎತ್ತುತ್ತವೆ: ಕೊಟ್ಟ ಮಾತು ಮುರಿದಾಗ ಮಾಡುವುದೇನು?

ದೇವರಿಗೂ ಜನಕ್ಕೂ ನಡುವಣ ಬಾಂಧವ್ಯವನ್ನು ಹೀಬ್ರೂ ಶಾಸ್ತ್ರ ‘ಬೆರೀತ್’ ಎಂದು ಕರೆಯುತ್ತದೆ. ಕನ್ನಡದಲ್ಲಿ ಅದು ‘ಒಡಂಬಡಿಕೆ’ಯಾಯಿತು. ಈ ಒಡಂಬಡಿಕೆಯ ಚರಿತ್ರೆಯೆಲ್ಲ ಮುರಿದು ಕೂಡಿದ ಚರಿತ್ರೆ. ಜನ ಹೊನ್ನಿನ ಕರುವನ್ನು ಪೂಜಿಸುವುದನ್ನು ಕಂಡು ಮೋಶೆ ಶಿಲಾಶಾಸನಗಳನ್ನು ಒಡೆದುಹಾಕಿದ. ಬಳಿಕ ಅವನೇ ಹೊಸ ಕಲ್ಲುಗಳನ್ನು ಕಡೆದುಕೊಂಡು ಮತ್ತೆ ಸೀನಾಯಿ ಬೆಟ್ಟವನ್ನು ಹತ್ತಬೇಕಾಯಿತು. ಯೆಹೋಶುವ ಶೆಕೆಮಿನಲ್ಲಿ ಜನರಿಂದ ಮಾತು ಪಡೆದು, ಮರದಡಿ ಒಂದು ದೊಡ್ಡ ಕಲ್ಲನ್ನು ಸಾಕ್ಷಿಯಾಗಿ ನಿಲ್ಲಿಸಿದ. ಕ್ರಿ.ಪೂ. 622ರ ಸುಮಾರಿಗೆ ಜೆರುಸಲೇಮಿನ ದೇವಾಲಯದ ದುರಸ್ತಿಯ ವೇಳೆ ಧರ್ಮಗ್ರಂಥವೊಂದು ದೊರೆಯಿತು. ಅದನ್ನು ಓದಿಸಿ ಕೇಳಿದ ದೊರೆ ಯೋಷೀಯ ಬಟ್ಟೆ ಹರಿದುಕೊಂಡು, ಪ್ರಜೆಗಳ ಸಮ್ಮುಖದಲ್ಲಿ ಒಡಂಬಡಿಕೆಯನ್ನು ನವೀಕರಿಸಿದ. ಬಾಬಿಲೋನಿನ ಸೆರೆಯ ತರುವಾಯ ಎಜ್ರ ಗ್ರಂಥ ಓದಿದಾಗ ಜನ ಅತ್ತರು. ಅಳುವಿನಲ್ಲೇ ನಿಲ್ಲದೆ, ಪತ್ರಕ್ಕೆ ಮುದ್ರೆಯೊತ್ತಿ, ದೇವಾಲಯದ ಸೇವೆಗೆ ವರ್ಷಕ್ಕೆ ಶೆಕೆಲ್ ನಾಣ್ಯದ ಮೂರನೆಯ ಒಂದು ಪಾಲನ್ನು ಸಲ್ಲಿಸಲು ಒಪ್ಪಿಕೊಂಡರು.

ಇನ್ನು ನಮ್ಮ ನಾಡಿನ ಕಲ್ಲು. 1368ರಲ್ಲಿ ಜೈನರು ತಮಗಾದ ಅನ್ಯಾಯವನ್ನು ಬುಕ್ಕರಾಯನಲ್ಲಿ ಬಿನ್ನವಿಸಿದರು. ರಾಯ ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ. ಪಂಚಮಹಾವಾದ್ಯ, ಕಲಶಗಳ ಹಕ್ಕು ಜೈನರಿಗೆ ಹಿಂದಿನಂತೆಯೇ ಸಲ್ಲಬೇಕಾಯಿತು. ಅವರಿಗಾದ ಹಾನಿಯನ್ನು ವೈಷ್ಣವರು ತಮ್ಮದೇ ಹಾನಿಯೆಂದು ಬಗೆಯಬೇಕಾಯಿತು. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ ಎತ್ತಿ, ತಿರುಮಲೆಯ ತಾತಯ್ಯ ಬೆಳಗೊಳದ ದೇವರಿಗೆ 20 ಮಂದಿ ಕಾವಲುಗಾರರನ್ನು ನೇಮಿಸಬೇಕು. ಮಿಕ್ಕ ಹಣ ಜೀರ್ಣ ಜಿನಾಲಯಗಳ ದುರಸ್ತಿಗೆ. ಇದೇ ತೀರ್ಪಿನ ಶಾಸನ ಮಾಗಡಿ ತಾಲ್ಲೂಕಿನ ಕಲ್ಯದಲ್ಲೂ ಇದೆ. ಬೆಳಗೊಳದ ಶಾಸನದ ಕೊನೆಯ ಮಾತು ಇನ್ನೂ ಸ್ವಾರಸ್ಯಕರ: ಕಲ್ಲೇಹದ ಬುಸುವಿಸೆಟ್ಟಿ ರಾಯನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಕರೆಸಿ, ಜೀರ್ಣೋದ್ಧಾರ ಮಾಡಿಸಿದ, ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು.

ಒಂದು ದೇವರೊಡನೆ ಮಾಡಿದ ಒಡಂಬಡಿಕೆ, ಇನ್ನೊಂದು ನೆರೆಯವರೊಡನೆ ಮಾಡಿದ್ದು. ಎರಡನ್ನೂ ಒಂದೇ ಎನ್ನಲಾಗದು. ಆದರೂ ಎರಡು ಕಡೆಯೂ ಕಲ್ಲು ನೆಟ್ಟಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಯಾರೋ ಮತ್ತೆ ನೆನಪಿಸಬೇಕಾಯಿತು, ಮನೆಯಿಂದ ಹಣ ಕೊಡಬೇಕಾಯಿತು. ಕಥೋಲಿಕರಾದ ನಾವು ಈಸ್ಟರಿನ ಹಿಂದಿನ ರಾತ್ರಿ ಮೇಣದ ಬತ್ತಿ ಹಿಡಿದು ಜ್ಞಾನಸ್ನಾನದ ವಾಗ್ದಾನಗಳನ್ನು ಪ್ರತಿವರ್ಷವೂ ಹೊಸದಾಗಿ ನುಡಿಯುತ್ತೇವೆ. ಕಳೆದ ವರ್ಷ ನುಡಿದದ್ದನ್ನು ಪೂರ್ತಿ ನಡೆಸಿದೆವೆಂಬ ಹೆಮ್ಮೆಯಿಂದಲ್ಲ, ನಡೆಸಲಾಗಲಿಲ್ಲವೆಂಬ ಅರಿವಿನಿಂದ. ಆ ಬತ್ತಿಯನ್ನು ಹಿಡಿದಾಗ ನನಗೆ ಮೋಶೆಯ ಎರಡನೆಯ ಕಲ್ಲುಗಳೊಂದಿಗೆ ಬುಸುವಿಸೆಟ್ಟಿಯ ನೆನಪೂ ಬರುತ್ತದೆ.