ಬ್ರಾಯ್ಲರ್ ಮರಿಗಳ ಕಾಲುಬೇನೆ
ಮಾಂಸಕ್ಕಾಗಿ ಸಾಕುವ ಕೋಳಿಮರಿಗಳಲ್ಲಿ ಮೂಳೆ, ಕೀಲು ಅಥವಾ ಸ್ನಾಯುರಜ್ಜು ಕೆಟ್ಟು ನಡಿಗೆ ತಪ್ಪುವ ಸ್ಥಿತಿಗಳ ಒಟ್ಟು ಹೆಸರು. ಕಾರ್ನಿಷ್ ಮತ್ತು ಬಿಳಿ ಪ್ಲಿಮತ್ ರಾಕ್ ತಳಿಗಳ ಸಂಕರದಿಂದ ರೂಪುಗೊಂಡ ಬ್ರಾಯ್ಲರ್ ಆರು ವಾರಗಳೊಳಗೆ 2 ಕಿಲೋ ದಾಟುತ್ತದೆ. ಎದೆಯ ಮಾಂಸ ಬೆಳೆದಷ್ಟು ಬೇಗ ಕಾಲಿನ ಮೂಳೆ ಗಟ್ಟಿಯಾಗದಿರುವುದೇ ಬೇನೆಯ ಬುಡ. ಮನೆಸಾಕಣೆಯಲ್ಲಿ ಕ್ಯಾಲ್ಸಿಯಂ ಕೊರತೆಯೊಂದನ್ನೇ ದೂರುವುದುಂಟು. ಅದು ಅರ್ಧ ಸತ್ಯ. ರಂಜಕ ಅಥವಾ ಡಿ3 ಜೀವಸತ್ವ ಸಾಲದಿದ್ದರೂ ಮೂಳೆ ಮೆತ್ತಗಾಗುತ್ತದೆ. ನುಚ್ಚು, ತವುಡುಗಳ ರಂಜಕ ಬಹುಪಾಲು ಫೈಟೇಟ್ ಎಂಬ ಜೀರ್ಣವಾಗದ ರೂಪದಲ್ಲಿದ್ದು ಮರಿಗೆ ದಕ್ಕುವುದಿಲ್ಲ. ಮ್ಯಾಂಗನೀಸ್, ಕೋಲಿನ್ ಕಡಿಮೆಯಾದರೆ ಕಾಲಿನ ಕೀಲಿನ ರಜ್ಜು ಜಾರಿ ಕಾಲು ಪಕ್ಕಕ್ಕೆ ತಿರುಗುತ್ತದೆ, ರೈಬೋಫ್ಲೇವಿನ್ ಕಡಿಮೆಯಾದರೆ ಬೆರಳು ಒಳಕ್ಕೆ ಸುರುಟುತ್ತದೆ. ಹಾಗೆಂದು ಮರಿಗೆ ಮೊಟ್ಟೆಕೋಳಿಯ ಮೇವು ಕೊಡುವುದೂ ತರವಲ್ಲ: ಅದರಲ್ಲಿ ಕ್ಯಾಲ್ಸಿಯಂ ಶೇ. 3.5ಕ್ಕೂ ಹೆಚ್ಚು, ಮರಿಗೆ ಬೇಕಾದುದು ಶೇ. 1ರ ಆಸುಪಾಸು, ಮಿಕ್ಕದ್ದು ಮೂತ್ರಪಿಂಡಕ್ಕೆ ಹೊರೆ.

ತಳಿಯೇ ಕಾರಣವಾದರೆ ಎಲ್ಲ ಮರಿಗಳೂ ಕುಂಟಬೇಕಲ್ಲವೇ ಎಂಬ ಆಕ್ಷೇಪವುಂಟು. ತಳಿ ತರುವುದು ಒಲವನ್ನಷ್ಟೇ. ಕಾಗದ ಹಾಸಿದ ಜಾರುನೆಲ, ಒದ್ದೆ ಹಾಸು, ರಾತ್ರಿಯಿಡೀ ಉರಿಯುವ ದೀಪ ಅದನ್ನು ಬೇನೆಯಾಗಿಸುತ್ತವೆ. ಮೊದಲ ವಾರಗಳಲ್ಲಿ ಕೆಲವು ತಾಸು ಕತ್ತಲೆ ಕೊಟ್ಟು ಬೆಳವಣಿಗೆ ತಗ್ಗಿಸಿದ ಹಿಂಡುಗಳಲ್ಲಿ ಕುಂಟುವಿಕೆ ಇಳಿಯುವುದು ಇದಕ್ಕೆ ಆಧಾರ. ಮೆತ್ತಗಾದ ಮೂಳೆ ಬೇಗ ಗಮನಿಸಿದರೆ ಚೇತರಿಸಿಕೊಳ್ಳುತ್ತದೆ; ಪೂರ್ತಿ ಜಾರಿದ ರಜ್ಜು ಸಾಮಾನ್ಯವಾಗಿ ಮರಳಿ ಕೂರುವುದಿಲ್ಲ.