ರಾಬರ್ಟ್ ಮೀನ್ಸ್ ಥಾಂಪ್ಸನ್: ನೌಕಾಪಡೆಯಿಂದ ನಿಕಲ್ ಉದ್ಯಮಕ್ಕೆ, ಅಲ್ಲಿಂದ ನೇವಿ ಲೀಗಿಗೆ

ನಮ್ಮ ಕರಾವಳಿಯಲ್ಲಿ ಮಗನನ್ನೋ ಅಣ್ಣನನ್ನೋ ಹಡಗಿಗೆ ಕಳುಹಿಸಿದ ಮನೆಗಳು ಬಹಳ. ನಾವಿಕರಿಗಾಗಿ ದಡದಲ್ಲಿರುವವರು ಮಾಡುವ ಸೇವೆಯ ಬೆಲೆ ಅಂಥ ಮನೆಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಈ ಸೇವೆಯನ್ನು ಅಮೆರಿಕದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಸಿ, ಹೊಗಳಿಕೆ ತೆಗಳಿಕೆ ಎರಡನ್ನೂ ಪಡೆದ ಒಬ್ಬರ ಪರಿಚಯವನ್ನು ಇಲ್ಲಿ ಕೊಡುತ್ತಿದ್ದೇವೆ.

ಥಾಂಪ್ಸನ್ 1849ರ ಮಾರ್ಚ್ 2ರಂದು ಪೆನ್ಸಿಲ್ವೇನಿಯಾ ರಾಜ್ಯದ ಕಾರ್ಸಿಕಾ ಎಂಬ ಊರಿನಲ್ಲಿ ಜನಿಸಿದರು. 1864ರಲ್ಲಿ ನೌಕಾ ಅಕಾಡೆಮಿಗೆ ಸೇರಿ 1868ರಲ್ಲಿ ಹತ್ತನೆಯ ಸ್ಥಾನದಲ್ಲಿ ತೇರ್ಗಡೆಯಾದರು. ವೆಸ್ಟ್ ಇಂಡೀಸ್ ಮತ್ತು ಮೆಡಿಟರೇನಿಯನ್ ಸಮುದ್ರಗಳಲ್ಲಿ ಸೇವೆ ಸಲ್ಲಿಸಿ, 1871ರಲ್ಲಿ, ಇನ್ನೂ 22ರ ಹರೆಯದಲ್ಲಿ ರಾಜೀನಾಮೆ ಕೊಟ್ಟರು. ಹಾರ್ವರ್ಡ್‌ನಲ್ಲಿ ಕಾನೂನು ಓದಿ ಬೋಸ್ಟನ್‌ನಲ್ಲಿ ವಕೀಲರಾದರು. ಮುಂದೆ ಜನ ಅವರನ್ನು ಕರೆದದ್ದು 'ಕರ್ನಲ್' ಎಂದು. ಹಡಗಿನವರಿಗೆ ಭೂಸೇನೆಯ ಬಿರುದು!

ವಕೀಲಿ ವೃತ್ತಿ ಅವರನ್ನು ಬಹುಕಾಲ ಹಿಡಿದಿಡಲಿಲ್ಲ. ಗಣಿಗಾರಿಕೆಗೆ ಇಳಿದು ಆರ್ಫರ್ಡ್ ಕಾಪರ್ ಕಂಪನಿಯನ್ನು ಕಟ್ಟಿದರು. ಕೆನಡಾದ ಸಡ್ಬರಿಯಿಂದ ಬರುತ್ತಿದ್ದ ಅದಿರಿನಲ್ಲಿ ತಾಮ್ರದೊಂದಿಗೆ ನಿಕಲ್ ಬೆರೆತಿತ್ತು, ಎರಡನ್ನೂ ಬೇರ್ಪಡಿಸುವುದು ದೊಡ್ಡ ತಲೆನೋವು. ಸೋಡಿಯಂ ಸಲ್ಫೇಟ್ ಮತ್ತು ಕೋಕ್ ಕಲ್ಲಿದ್ದಲು ಸೇರಿಸಿ ಕರಗಿಸಿದರೆ ತಾಮ್ರದ ಅಂಶ ಮೇಲೆ, ನಿಕಲ್ಲಿನ ಅಂಶ ಕೆಳಗೆ ನಿಲ್ಲುತ್ತದೆ. ಈ ವಿಧಾನಕ್ಕೆ ಆರ್ಫರ್ಡ್ ಕಂಪನಿಯ ಹೆಸರೇ ಉಳಿಯಿತು. ಇದೇ ಹೊತ್ತಿಗೆ, 1890ರಲ್ಲಿ, ನೌಕಾಪಡೆ ಅನಾಪೊಲಿಸ್‌ನಲ್ಲಿ ಯುದ್ಧನೌಕೆಯ ಕವಚಗಳಿಗೆ ಗುಂಡು ಹೊಡೆದು ಪರೀಕ್ಷಿಸಿತು. ಬೇರೆ ಫಲಕಗಳು ಒಡೆದವು, ಬಿರುಕು ಬಿಟ್ಟವು; ನಿಕಲ್ ಬೆರೆಸಿದ ಉಕ್ಕು ಬಿರಿಯಲಿಲ್ಲ. ನಿಕಲ್ ಖರೀದಿಗೆ ಸಂಸತ್ತು 10 ಲಕ್ಷ ಡಾಲರ್ ಮಂಜೂರು ಮಾಡಿತು. 1902ರಲ್ಲಿ ಆರ್ಫರ್ಡ್ ಕಂಪನಿ ಇಂಟರ್‌ನ್ಯಾಷನಲ್ ನಿಕಲ್ ಕಂಪನಿಯಲ್ಲಿ ಸೇರಿಕೊಂಡಿತು. ತಾವು ಬಿಟ್ಟುಬಂದ ನೌಕಾಪಡೆಯೇ ಹೀಗೆ ಅವರ ಲೋಹಕ್ಕೆ ಗಿರಾಕಿಯಾಯಿತು.

ಸಂಪತ್ತು ಬಂದ ಮೇಲೆ ಅವರು ಹಳೆಯ ಅಕಾಡೆಮಿಯನ್ನು ಮರೆಯಲಿಲ್ಲ. ಅಲ್ಲಿನ ಕ್ರೀಡಾ ಸಂಘ ಕಟ್ಟುವುದರಲ್ಲಿ ಮುಂದಾಳಾದರು; ಒಂದು ಕ್ರೀಡಾಂಗಣಕ್ಕೆ ಅವರ ಹೆಸರಿಡಲಾಗಿತ್ತು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್ ವೇಳೆ ಅಮೆರಿಕದ ಒಲಿಂಪಿಕ್ ಸಮಿತಿಯ ಅಧ್ಯಕ್ಷರೂ ಅವರೇ.

1902ರಲ್ಲಿ ಸ್ಥಾಪನೆಯಾದ ನೇವಿ ಲೀಗ್ ನಾಗರಿಕರ ಸಂಸ್ಥೆ. ಬಲವಾದ ನೌಕಾಪಡೆಗಾಗಿ ಪ್ರಚಾರ ಮಾಡುವುದು ಅದರ ಕೆಲಸ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಥಾಂಪ್ಸನ್ ಇದರ ಅಧ್ಯಕ್ಷರಾಗಿದ್ದರು. 1915ರ ಡಿಸೆಂಬರ್‌ನಲ್ಲಿ ಇಲಿನಾಯ್ಸ್‌ನ ಸಂಸದ ಕ್ಲೈಡ್ ಟಾವೆನ್ನರ್, ಹಡಗು ಹೆಚ್ಚಾದರೆ ಲಾಭ ಪಡೆಯುವವರೇ ಈ ಲೀಗನ್ನು ನಡೆಸುತ್ತಿದ್ದಾರೆಂದು ಸಂಸತ್ತಿನಲ್ಲಿ ಆಪಾದಿಸಿದರು. ಥಾಂಪ್ಸನ್‌ರ ಪ್ರೀತಿ ಸುಳ್ಳಲ್ಲವೆಂದು ನಮಗೆ ಅನಿಸುತ್ತದೆ. ಆದರೆ ನಿಕಲ್ ವ್ಯಾಪಾರಿಯೊಬ್ಬರು ಹೆಚ್ಚು ಯುದ್ಧನೌಕೆ ಬೇಕೆಂದಾಗ ಜನ ಪ್ರಶ್ನೆ ಕೇಳುವುದೂ ಸಹಜವೇ.

ಲೀಗಿನ ಮಹಿಳೆಯರು ನಾವಿಕರಿಗಾಗಿ ಉಣ್ಣೆಯ ಸ್ವೆಟರ್, ಮಫ್ಲರುಗಳನ್ನು ಹೆಣೆಯುತ್ತಿದ್ದರು. 1917ರ ಜುಲೈಯಲ್ಲಿ ಕ್ಯಾಲಿಫೋರ್ನಿಯಾದ ಮೇರ್ ಐಲ್ಯಾಂಡ್ ನೌಕಾ ನೆಲೆಯಲ್ಲಿ ಸ್ಫೋಟ ಸಂಭವಿಸಿತು. ಅದರ ತನಿಖೆಗೆ ಅಡ್ಡಿಪಡಿಸಲಾಗುತ್ತಿದೆ ಎಂದು ಲೀಗ್ ದೂರಿದಾಗ ನೌಕಾ ಕಾರ್ಯದರ್ಶಿ ಜೋಸೆಫಸ್ ಡೇನಿಯಲ್ಸ್ ಕೆರಳಿದರು. ಥಾಂಪ್ಸನ್ ರಾಜೀನಾಮೆ ಕೊಡಬೇಕೆಂದರು. ಲೀಗಿಗೆ ನೌಕಾಪಡೆಯ ಬಾಗಿಲು ಮುಚ್ಚಿಸಿ, ಅದರ ಉಣ್ಣೆಯ ಉಡುಗೊರೆಗಳನ್ನೂ ಬೇಡವೆಂದರು. ಉತ್ತರ ಅಟ್ಲಾಂಟಿಕ್‌ನ ಚಳಿಯಲ್ಲಿ ಪಹರೆ ನಿಂತ ಹುಡುಗನಿಗೆ ಈ ಜಗಳದಲ್ಲಿ ಯಾರು ಸರಿಯಾದರೇನು?

ಥಾಂಪ್ಸನ್ 1930ರ ಸೆಪ್ಟೆಂಬರ್ 5ರಂದು ನ್ಯೂಯಾರ್ಕ್ ರಾಜ್ಯದ ಫೋರ್ಟ್ ಟಿಕಾಂಡೆರೋಗಾದಲ್ಲಿ, ಅಳಿಯನ ಮನೆಯಲ್ಲಿ ನಿಧನರಾದರು. 1942ರಲ್ಲಿ ನೀರಿಗಿಳಿದ ಒಂದು ಡಿಸ್ಟ್ರಾಯರ್‌ಗೆ ಅವರ ಹೆಸರಿಡಲಾಯಿತು. ಆ ಹಡಗು 1944ರ ಜೂನ್ 6ರಂದು ನಾರ್ಮಂಡಿಯ ಒಮಾಹಾ ತೀರದೆದುರು ಇತ್ತು.