ಅಪ್ಪಿಕೋ: ಸಾಮಾನ್ಯರು ಬರೆದ ಇತಿಹಾಸ



ಸಮಾಜದ ಪರಿವರ್ತನೆ ಎಂದೊಡನೆ ನಮ್ಮ ಕಣ್ಣ ಮುಂದೆ ಸುಳಿಯುವುದು ಮಹಾಪುರುಷರ ಚಿತ್ರಗಳು. ನಮ್ಮಂಥ ಸಾಮಾನ್ಯರಿಂದ ಏನಾದೀತು ಎಂದು ನಾವು ಕೈಚೆಲ್ಲಿ ಕುಳಿತುಬಿಡುತ್ತೇವೆ. ಈ ಸಂದೇಹಕ್ಕೆ ಉತ್ತರ ಕನ್ನಡ ಜಿಲ್ಲೆಯ ಸಾಲ್ಕಣಿ ಎಂಬ ಪುಟ್ಟ ಊರು ಕೊಟ್ಟ ಉತ್ತರವನ್ನು ಇಂದು ನೆನೆಯೋಣ.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಈ ಜಿಲ್ಲೆಯ ಕಾಡು ಕಾಗದ ಮತ್ತು ಪ್ಲೈವುಡ್ ಕಾರ್ಖಾನೆಗಳಿಗೆ ಕಚ್ಚಾಸಾಮಗ್ರಿಯನ್ನೂ ಜಲಾಶಯಗಳಿಗೆ ನೆಲವನ್ನೂ ಒದಗಿಸಿತು. ಸಹಜಾರಣ್ಯ ಅಳಿದೆಡೆ ತೇಗದ ನೆಡುತೋಪುಗಳು ಎದ್ದವು. ಅಡಿಕೆ ತೋಟಕ್ಕೆ ಸೊಪ್ಪು, ಒಲೆಗೆ ಸೌದೆ, ಹಳ್ಳಕ್ಕೆ ನೀರು, ಇವೆಲ್ಲಕ್ಕೂ ಕಾಡನ್ನೇ ನಂಬಿದ ಜನರಿಗೆ ಇದು ಬದುಕಿನ ಬುಡಕ್ಕೇ ಬಿದ್ದ ಪೆಟ್ಟು.

ಆ ಸೀಮೆಯ ಜನ ಅಷ್ಟರಲ್ಲೇ ಒಂದು ಪಾಠ ಕಲಿತಿದ್ದರು. ಬೇಡ್ತಿ ಜಲವಿದ್ಯುತ್ ಯೋಜನೆಯ ಭೀತಿ ಎದುರಾದಾಗ ಅಡಿಕೆ ಬೆಳೆಗಾರರು ಬರಿಯ ಘೋಷಣೆಗೆ ತೃಪ್ತರಾಗಲಿಲ್ಲ. 1981ರಲ್ಲಿ ತಜ್ಞರನ್ನು ಶಿರಸಿಗೆ ಕರೆಸಿ, ಯೋಜನೆಯ ಲಾಭನಷ್ಟಗಳನ್ನು ತೂಗಿ ನೋಡಿದರು. ಮುಂದೆ ಆ ಯೋಜನೆ ಹಿಂದೆ ಸರಿಯಿತು.

ಸಾಲ್ಕಣಿಯವರೂ ಮೊದಲು ಹಿಡಿದದ್ದು ಲೇಖನಿಯನ್ನು. ಮರ ಕಡಿಯುವುದನ್ನು ನಿಲ್ಲಿಸಿರೆಂದು ಊರಿನ ಯುವಕ ಮಂಡಳಿ ಅರಣ್ಯ ಇಲಾಖೆಗೆ ಬರೆಯಿತು, ಫಲ ದೊರೆಯಲಿಲ್ಲ. 1973ರಲ್ಲಿ ಹಿಮಾಲಯದ ಗಢವಾಲ ಪ್ರಾಂತದ ಹಳ್ಳಿಗರು ಮರಗಳನ್ನು ಅಪ್ಪಿ ಉಳಿಸಿಕೊಂಡ ಚಿಪ್ಕೊ ಚಳವಳಿಯ ಕಥೆಯನ್ನು ಸುಂದರಲಾಲ ಬಹುಗುಣರು ಈ ಭಾಗಕ್ಕೆ ಬಂದು ಹೇಳಿದ್ದರು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಹೆಂಗಸರು, ಗಂಡಸರು, ತರುಣರು ಕಳಸೆ ಕಾಡಿಗೆ ನಡೆದು ಮರಗಳನ್ನು ತಬ್ಬಿ ನಿಂತರು. ಚಿಪ್ಕೊ ಅಚ್ಚಗನ್ನಡದಲ್ಲಿ ‘ಅಪ್ಪಿಕೋ’ ಆಯಿತು. ಪಾಂಡುರಂಗ ಹೆಗಡೆಯವರು ಅದರ ಮುಂದಾಳುಗಳಲ್ಲೊಬ್ಬರು.

ಅದು ಮಳೆ ಇನ್ನೂ ಬಿಡದ, ಕಾಡಿನಲ್ಲಿ ಇಂಬಳ ಕಾಲಿಗೆ ಹತ್ತುವ ಕಾಲ. ಮನೆ, ಕೊಟ್ಟಿಗೆ, ತೋಟದ ಕೆಲಸಗಳ ನಡುವೆಯೇ ಕಾವಲು 38 ದಿನ ಸಾಗಿತು. ಕೊಡಲಿ ಹಿಡಿದು ಬಂದವರು ಕೂಲಿಯ ಬಡವರು. ಅವರನ್ನು ಯಾರೂ ಹಗೆಗಳೆಂದು ಎಣಿಸಲಿಲ್ಲ. ಮರ ಕಡಿಯೆವೆಂದು ಅವರಿಂದಲೇ ಪ್ರತಿಜ್ಞೆ ಮಾಡಿಸಿದರು. ಕೊನೆಗೆ ಸರಕಾರ ಅಲ್ಲಿನ ಕಡಿತದ ಆದೇಶವನ್ನು ಹಿಂತೆಗೆದುಕೊಂಡಿತು.

ಪಾದಯಾತ್ರೆ, ಜಾನಪದ ಕಲೆಗಳ ಮೂಲಕ ಚಳವಳಿ ಪಶ್ಚಿಮಘಟ್ಟದ ಇತರ ಊರುಗಳಿಗೂ ಹಬ್ಬಿತು. ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತುಗಳು ಅದರ ಮಂತ್ರವಾದವು. ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಸರಕಾರವನ್ನು ಪ್ರಶ್ನಿಸಿದವರು ತಮ್ಮನ್ನು ತಾವೂ ಪ್ರಶ್ನಿಸಿಕೊಂಡರು. ಸೌದೆ ಬೇಡುವವರು ತಾವೂ ಅಲ್ಲವೇ? ಆದ್ದರಿಂದಲೇ ಸಸಿ ನೆಡುವುದರ ಜೊತೆಗೆ, ಕಡಿಮೆ ಸೌದೆ ಉರಿಸುವ ಒಲೆಗಳ ಪ್ರಚಾರವನ್ನೂ ಕೈಗೊಂಡರು. ಪರಿವರ್ತನೆ ಅಡುಗೆಮನೆಯನ್ನೂ ಹೊಕ್ಕಿತು.

ಗೆಲುವು ಸರ್ವತ್ರ ಸಿಕ್ಕಿತೆಂದಲ್ಲ. ಅದೇ ಜಿಲ್ಲೆಯ ಕೈಗಾ ಅಣುವಿದ್ಯುತ್ ಸ್ಥಾವರಕ್ಕೆ ಜನರ ತೀವ್ರ ವಿರೋಧವಿದ್ದರೂ ಅದು 2000ದಲ್ಲಿ ಕಾರ್ಯಾರಂಭ ಮಾಡಿತು. ಸೋಲಿನ ಈ ಪುಟವನ್ನು ಮರೆಮಾಚಿದರೆ ಇತಿಹಾಸಕ್ಕೆ ಅಪಚಾರವಾದೀತು.

ಆದರೂ ಸಾಲ್ಕಣಿ ನಮಗೆ ಒಂದು ಕ್ರಮವನ್ನು ತೋರಿಸಿಕೊಟ್ಟಿದೆ. ತಾವು ಚೆನ್ನಾಗಿ ಬಲ್ಲ ನಷ್ಟವೊಂದನ್ನು ಗುರುತಿಸುವುದು, ಮೊದಲು ವಿನಯದಿಂದ ಕೇಳುವುದು, ಕೇಳದಿದ್ದಲ್ಲಿ ಒಟ್ಟಾಗಿ ನಿಲ್ಲುವುದು, ನಿಂತ ಮೇಲೆ ತಮ್ಮ ಬಾಳನ್ನೂ ತಿದ್ದಿಕೊಳ್ಳುವುದು. ಇದಕ್ಕೆ ಅಧಿಕಾರವೂ ಬೇಡ, ಐಶ್ವರ್ಯವೂ ಬೇಡ. ನಾವು ನೆಲೆಸಿರುವ ಊರು ಯಾವುದೇ ಇರಲಿ, ನಮ್ಮ ಮಕ್ಕಳಿಗೆ ಅರಸರ ಕಥೆಗಳೊಡನೆ ಈ ಹಳ್ಳಿಗರ ಕಥೆಯನ್ನೂ ಹೇಳೋಣ.